ಮುಸುರೆ ತಾಗದ ಕಾರ್ಡು

2025ರ ಆಗಸ್ಟಿನಲ್ಲಿ ಜಪಾನಿನ ಮೆಕ್‌ಡೊನಾಲ್ಡ್ಸ್ ಅಂಗಡಿಗಳಿಗೆ ಪೋಕೆಮಾನ್ ಕಾರ್ಡಿಗಾಗಿ ಮುಗಿಬಿದ್ದ ದೊಡ್ಡವರು, ಮಕ್ಕಳ ಊಟದ ಪೊಟ್ಟಣಗಳನ್ನು ರಾಶಿಗಟ್ಟಲೆ ಕೊಂಡು, ಕಾರ್ಡನ್ನು ಜೇಬಿಗಿಳಿಸಿ, ಊಟವನ್ನು ಬಿಸುಟು ಹೋದದ್ದನ್ನೂ ಕಂಪನಿ ಕ್ಷಮೆ ಕೇಳಿದ್ದನ್ನೂ ತಾವೆಲ್ಲ ಓದಿಯೇ ಇರುತ್ತೀರಿ. ಜಪಾನೀಯರನ್ನು ಎಲ್ಲರೂ ಬೈದರು. ಆದರೆ ಅಮೆರಿಕದ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡು ಸಂಗ್ರಾಹಕರನ್ನು ಯಾರೂ ಸ್ಮರಿಸದೇ ಹೋದದ್ದು ದೊಡ್ಡ ಅನ್ಯಾಯವೇ ಸರಿ. ಅನ್ನವಲ್ಲ, ಅನ್ನದ ಜೊತೆ ಬಿಟ್ಟಿ ಬಂದ ರಟ್ಟೇ ಪರಬ್ರಹ್ಮವೆಂಬ ಸಿದ್ಧಾಂತಕ್ಕೆ ಅವರೇ ಮೂಲಾಚಾರ್ಯರು.

1977ರಲ್ಲಿ ನ್ಯೂಯಾರ್ಕಿನ ಬರ್ಗರ್ ಕಿಂಗ್ ಅಂಗಡಿಗಳು ಯಾಂಕೀಸ್ ಎಂಬ ಬೇಸ್‌ಬಾಲ್ ತಂಡದ ಕಾರ್ಡುಗಳನ್ನು ಹಂಚಿದವು. ಅಚ್ಚು ಹಾಕಿದ್ದು ಟಾಪ್ಸ್ ಕಂಪನಿ. ಕಾರ್ಡಿನ ಮೇಲೆ ಬರ್ಗರಿನ ಗುರುತೇ ಇಲ್ಲ. ಹೆಚ್ಚಿನವು ನೋಡಲು ಚೂಯಿಂಗ್ ಗಮ್ಮಿನ ಜೊತೆ ಸಿಗುತ್ತಿದ್ದ ಮಾಮೂಲು ಟಾಪ್ಸ್ ಕಾರ್ಡುಗಳಂತೆಯೇ ಇದ್ದು, ಹಿಂಬದಿಯ ಕ್ರಮಸಂಖ್ಯೆಯೊಂದೇ ಬೇರೆ. ಆ ಸಂಖ್ಯೆಯನ್ನು ಓದಲು ಅರವತ್ತು ದಾಟಿದ ಗೃಹಸ್ಥರು ಕನ್ನಡಕವನ್ನು ಹಣೆಗೇರಿಸಿ, ಕಾರ್ಡನ್ನು ಮೂಗಿನ ತುದಿಗೆ ತಂದು, ಜಾತಕ ನೋಡುವ ಗಾಂಭೀರ್ಯದಿಂದ ಉಸಿರು ಬಿಗಿಹಿಡಿಯುತ್ತಾರೆ. ಅದರಲ್ಲೂ 23ನೆಯದಾದ, ಲೂ ಪಿನೆಲ್ಲಾ ಎಂಬ ಆಟಗಾರನ ಕಾರ್ಡು ಸರಣಿಗೆ ತಡವಾಗಿ ಸೇರಿ ಕಡಿಮೆ ಸಂಖ್ಯೆಯಲ್ಲಿ ಹೊರಬಂದದ್ದರಿಂದ, ಉಳಿದವರೆಲ್ಲ ಚಿಲ್ಲರೆ ಕಾಸಿಗೆ ಬಿಕರಿಯಾಗುವಲ್ಲಿ ಆತನಿಗೆ ಮಾತ್ರ ರಾಜಮರ್ಯಾದೆ. ಪಂಕ್ತಿಗೆ ತಡವಾಗಿ ಬಂದವನಿಗೆ ನಮ್ಮಲ್ಲಿ ಸಾರು ಕೂಡ ಉಳಿದಿರುವುದಿಲ್ಲ.

ಮರುವರ್ಷದ ಡೆಟ್ರಾಯಿಟ್ ಟೈಗರ್ಸ್ ತಂಡದ ಸರಣಿಯನ್ನು ಮಾತ್ರ ನಿಜವಾಗಿ ಮೆಚ್ಚಬೇಕು. ಟಾಪ್ಸ್ ತನ್ನ ಮಾಮೂಲು ಕಾರ್ಡುಗಳಲ್ಲಿ ಹೊಸ ಹುಡುಗರನ್ನು ರೇಷನ್ ಕಾರ್ಡಿನ ಕುಟುಂಬದಂತೆ ಒಂದಕ್ಕೆ ನಾಲ್ಕು ತಲೆಯ ಲೆಕ್ಕದಲ್ಲಿ ತುರುಕಿತ್ತು. ಬರ್ಗರ್ ಕಿಂಗಿನ ಸರಣಿಯಲ್ಲಿಯಾದರೋ ಅಲನ್ ಟ್ರಾಮೆಲ್, ಲೂ ವಿಟೇಕರ್, ಜ್ಯಾಕ್ ಮಾರಿಸ್ ಮೂವರಿಗೂ ಸ್ವಂತ ಕಾರ್ಡು ದೊರೆಯಿತು. ಟ್ರಾಮೆಲ್ ಮತ್ತು ಮಾರಿಸ್ 2018ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರವಾದ ಹಾಲ್ ಆಫ್ ಫೇಮ್ ಸೇರಿದರು. ಪ್ರತಿಭೆಯನ್ನು ಗುರುತಿಸುವ ಕೆಲಸವನ್ನು ನಮ್ಮ ಅಕಾಡೆಮಿಗಳೂ ಯಾವುದಾದರೂ ದರ್ಶಿನಿಗೆ ವಹಿಸಿ ನೋಡಬಹುದು.

ಮೆಕ್‌ಡೊನಾಲ್ಡ್ಸ್‌ನ ಮುಖ್ಯಸ್ಥ ರೇ ಕ್ರಾಕ್ ಅವರ ದಾರಿ ಇದಕ್ಕಿಂತ ನೇರವಾದದ್ದು: ಕಾರ್ಡು ಹಂಚುವ ಮೊದಲು ಅವರು ತಂಡವನ್ನೇ ಕೊಂಡುಬಿಟ್ಟರು. ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡ ವಾಷಿಂಗ್ಟನ್ನಿಗೆ ಗುಳೆ ಹೋಗುವುದು ಖಚಿತವೆಂದು ನಂಬಿ ಟಾಪ್ಸ್ 1974ರ ಕೆಲವು ಕಾರ್ಡುಗಳಲ್ಲಿ ಊರಿನ ಹೆಸರನ್ನು 'ವಾಷಿಂಗ್ಟನ್' ಎಂದೇ ಅಚ್ಚು ಮಾಡಿತ್ತು. ಕ್ರಾಕ್ ಕೊಂಡದ್ದರಿಂದ ತಂಡ ಇದ್ದಲ್ಲೇ ಉಳಿದು, ಆ ತಪ್ಪಚ್ಚಿನ ಕಾರ್ಡುಗಳೂ ಸಂಗ್ರಾಹಕರಿಗೆ ನಿಧಿಯಾದವು. ಅದೇ ವರ್ಷ ಮೆಕ್‌ಡೊನಾಲ್ಡ್ಸ್ ತನ್ನ ಆಟಗಾರರ ಮುಖಗಳನ್ನು ದುಂಡನೆಯ ಬಿಲ್ಲೆಗಳಲ್ಲಿ ಹಂಚಿತು. ಏಪ್ರಿಲ್ 9ರಂದು ತವರಿನ ಮೊದಲ ಪಂದ್ಯದಲ್ಲೇ ತಂಡ ಮುಗ್ಗರಿಸುವುದನ್ನು ಸಹಿಸಲಾರದೆ ಕ್ರಾಕ್ ಮೈಕು ಹಿಡಿದು, ಇಷ್ಟು ಪೆದ್ದು ಆಟವನ್ನು ತಾನು ಜನ್ಮದಲ್ಲೇ ಕಂಡಿಲ್ಲವೆಂದು ಇಡೀ ಕ್ರೀಡಾಂಗಣಕ್ಕೆ ಸಾರಿದರು. ತಾನು ಮಾರುವ ಸರಕಿನ ಬಗ್ಗೆ ಇಷ್ಟು ಸತ್ಯ ನುಡಿದ ವ್ಯಾಪಾರಿಯನ್ನು ನಾನಂತೂ ಕೇಳಿಲ್ಲ.

ಇನ್ನು ಮಡಿಯ ವಿಷಯ. ಪಿಎಸ್‌ಎ ಎಂಬ ಸಂಸ್ಥೆ ಕಾರ್ಡಿನ ಮೂಲೆ, ಅಂಚು, ಹೊಳಪುಗಳನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡುತ್ತದೆ. ಕಲೆಯಿದ್ದರೆ ಅಂಕದ ಪಕ್ಕದಲ್ಲಿ 'ಎಸ್‌ಟಿ' (ಸ್ಟೇನ್, ಅಂದರೆ ಕಲೆ) ಎಂಬ ಶಾಶ್ವತ ಕಳಂಕ ಅಂಟಬಹುದು. ಜಿಡ್ಡಿನ ಆಲೂಗಡ್ಡೆಯ ಪಕ್ಕದಲ್ಲೇ, ಅದನ್ನು ಮಾರುವುದಕ್ಕೆಂದೇ ಹುಟ್ಟಿದ ಕಾರ್ಡಿಗೆ ಎಣ್ಣೆಯ ಹನಿ ತಾಗಿದರೆ ಮೈಲಿಗೆ! ನಮ್ಮಜ್ಜಿ ಕೂಡ ಮುಸುರೆಯನ್ನು ಇಷ್ಟು ನಿಷ್ಠೆಯಿಂದ ವಿಚಾರಿಸಲಿಲ್ಲ.

ನಗುತ್ತ ಬರೆಯಲು ಕುಳಿತೆ, ಈಗ ನಗು ಬರುತ್ತಿಲ್ಲ. 2021ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಟಾರ್ಗೆಟ್ ಮಳಿಗೆಯೊಂದರ ಹೊರಗೆ ಕಾರ್ಡಿಗಾಗಿ ಹೊಡೆದಾಟವಾಗಿ, ಪಿಸ್ತೂಲು ಹೊರಬಂದು, ಕಂಪನಿ ಕೆಲಕಾಲ ಮಳಿಗೆಗಳಲ್ಲಿ ಕಾರ್ಡಿನ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಹೊಡೆದಾಡಿದವರು ಮಕ್ಕಳಲ್ಲ. ಮಕ್ಕಳ ಕೈಗೆಂದು ಕೊಟ್ಟದ್ದನ್ನು ಕಿತ್ತುಕೊಂಡ ಮೇಲೆ ಅದಕ್ಕೆ ಹವ್ಯಾಸವೆಂದೂ ಹೂಡಿಕೆಯೆಂದೂ ಹೆಸರಿಡುವುದು ನಾಚಿಕೆಗೇಡು.

ನ್ಯೂಜೆರ್ಸಿಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಒಂದು ಕಾರ್ಡು ಸಂತೆಯನ್ನು ನೋಡಿದೆ. ಬಾಲಕನೊಬ್ಬ ಉಪ್ಪು ಮೆತ್ತಿದ ಬೆರಳನ್ನು ಜ್ಯಾಕ್ ಮಾರಿಸ್‌ನ ಪೆಟ್ಟಿಗೆಯ ಮೇಲಿಟ್ಟ. ಅಂಗಡಿಯವನು ಬೆಚ್ಚಿ ಎದ್ದು, ಔಷಧಿ ಸಿಂಪಡಿಸಿ, ಮೆತ್ತನೆಯ ಬಟ್ಟೆಯಿಂದ ಮೂರು ಬಾರಿ ಒರೆಸಿದ. ಆಮೇಲೆ ಮೇಜಿನ ಕೆಳಗಿನಿಂದ ತನ್ನ ಬರ್ಗರಿನ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಕಾರ್ಡುಗಳಿಗೆ ಬೆನ್ನು ಮಾಡಿ, ಬಾಗಿಲ ಹೊರಗೆ ನಿಂತು ತಿಂದ.