ಬಂದ್ ಆಗದ ನೀರು

ಇದನ್ನು ಬರೆಯುವಾಗಲೂ ನನ್ನ ತಲೆಯಲ್ಲಿ ಬೆಳಿಗ್ಗೆ ಹಚ್ಚಿದ ಎಣ್ಣೆ ಹಾಗೇ ಇದೆ. ಕಾರಣ ನನ್ನ ಮಗ. ವಯಸ್ಸು ಆರು. ಬೆಂಗಳೂರಿನ ಶಾಲೆಯಲ್ಲಿ 'ನೀರು ಉಳಿಸಿ' ಚಿತ್ರಕ್ಕೆ ಮೊದಲ ಬಹುಮಾನ.

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನನ್ನ ತವರುಮನೆ. ಬೇಸಿಗೆ ರಜೆಗೆಂದು ಬಂದು ತಿಂಗಳಾಯಿತು. ಇಲ್ಲಿ ಸುರಂಗದ ನೀರು. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗ. ಒಳಗೆ ಒಸರುವ ನೀರು ಪೈಪಿನಲ್ಲಿ ತಾನಾಗಿ ಇಳಿದು ಬಚ್ಚಲಿನ ತೊಟ್ಟಿಗೆ ಬೀಳುತ್ತದೆ. ಪಂಪೂ ಇಲ್ಲ, ಕರೆಂಟೂ ಬೇಡ. ನಲ್ಲಿ ಮೊದಲೇ ಇಲ್ಲ.

ಈ ನಲ್ಲಿ ಇಲ್ಲದ್ದೇ ಅವನಿಗೆ ಸಂಕಟ. "ಅಮ್ಮಾ, ನೀರು ವೇಸ್ಟ್ ಆಗ್ತಿದೆ, ಆಫ್ ಮಾಡು." ಊಟಕ್ಕೆ ಕೂತರೆ ಇದೇ ಮಾತು. ಹಲಸಿನ ತೊಳೆ ಬಾಯಲ್ಲಿದ್ದರೂ ಇದೇ. ಅಡಿಕೆ ಸುಲಿಯಲು ಬಂದವರ ಹತ್ತಿರವೂ ದೂರು ಹೇಳಿದ. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ, "ಕೇಳು, ಇನ್ನೂ ಬೀಳ್ತಾ ಇದೆ" ಅಂದ. "ತುಂಬಿ ಹೆಚ್ಚಾದದ್ದು ತೋಟಕ್ಕೆ ಹೋಗ್ತದೆ ಮಗಾ, ಅಡಿಕೆ ಮರ ಕುಡೀತದೆ" ಎಂದು ಅಪ್ಪ ಹತ್ತು ಸಲ ಹೇಳಿರಬಹುದು. "ಅಜ್ಜ, ರಾತ್ರಿ ಮರಕ್ಕೆ ನಿದ್ದೆ ಅಲ್ವಾ?"

ಇವತ್ತು ಬೆಳಿಗ್ಗೆ ತಲೆ ತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರೆ ಒಂದು ಹನಿ ನೀರಿಲ್ಲ. ಸುರಂಗದೊಳಗೆ ಮಣ್ಣು ಜರಿಯಿತೇನೋ ಎಂದು ಅಪ್ಪ ಟಾರ್ಚ್ ಹಿಡಿದು ಗುಡ್ಡೆ ಹತ್ತಿದರು. ಅಲ್ಲಿ ನೀರು ಸರಿಯಾಗಿಯೇ ಇತ್ತು. ಪೈಪಿನ ಒಂದು ಜಾಯಿಂಟ್ ಮಾತ್ರ ಬಿಟ್ಟುಕೊಂಡು, ಗೇರುಮರದ ಬುಡವೆಲ್ಲ ಕೆಸರು. ಅಪ್ಪ ಜೋಡಿಸಿದರು. ಎರಡು ನಿಮಿಷಕ್ಕೆ ಅದು ಢಬ್ ಎಂದು ಹಾರಿ ಅವರಿಗೆ ತಣ್ಣೀರಿನ ಅಭಿಷೇಕ. ಮತ್ತೆ ಜೋಡಿಸಿದರು. ಮತ್ತೆ ಢಬ್. ಮೂರನೆಯ ಸಲ ಕನ್ನಡಕವೂ ಹಾರಿತು. ಕೆಳಗೆ ನಿಂತ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎಣ್ಣೆ ಕಣ್ಣಿಗಿಳಿದು ಸುಮ್ನೆ ನಿಂತರೂ ಅಳು ಬರುತ್ತಿತ್ತು.

ಕೊನೆಗೆ ತಂತಿ ಹಾಕಿ ಕೆಳಗಿನ ಬಾಯಿ ಕೆದಕಿದಾಗ ಹೊರಗೆ ಬಂದದ್ದು ನನ್ನ ಹೊಸ ಕಾಲುಚೀಲ. ಕೋಲಿನಿಂದ ಮೊಳದುದ್ದ ಒಳಗೆ ತುರುಕಿದ್ದ.

"ಒಂದು ರಾತ್ರಿ ಪೂರ್ತಿ ನೀರು ಉಳಿಸಿದೆ!" ಮುಖ ನೋಡಬೇಕಿತ್ತು ಅವನದ್ದು.

ನಾನು ಕೈ ಎತ್ತಿದೆ. ಒದ್ದೆ ಅಂಗಿಯಲ್ಲೇ ಇದ್ದ ಅಪ್ಪ ಅವನನ್ನು ಎತ್ತಿಕೊಂಡು ತೊಟ್ಟಿಯ ಹತ್ತಿರ ಹೋದರು. "ನಿನ್ನ ಅಮ್ಮ ಸಣ್ಣವಳಿರುವಾಗ ಈ ನೀರು ನನ್ನ ತೋಳಿನಷ್ಟು ದಪ್ಪ ಬೀಳ್ತಿತ್ತು ಮಗಾ," ಅಂದರು. ಈಗ ಬೀಳುವುದು ಹೆಬ್ಬೆರಳಿನಷ್ಟು. ಮಗ ಅಜ್ಜನ ತೋಳು ನೋಡಿದ, ನೀರು ನೋಡಿದ. ನಾನೂ ನೋಡಿದೆ. ದಿನಾ ಮೀಯುತ್ತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಕೆಸರು ನೀರು ತಿಳಿಯಾಗುವಾಗ ಸಂಜೆ. ಈ ಹೊತ್ತಿಗೆ ತಲೆಗೆ ಮಿಂದರೆ ಶೀತ ಎಂದು ಅಮ್ಮ ಬಿಡಲಿಲ್ಲ. ಕಾಲುಚೀಲ ಒಗೆದು ಹಗ್ಗಕ್ಕೆ ಹಾಕಿದ್ದೇನೆ. ಅದರ ಜೊತೆಯದು ಇನ್ನೂ ಸಿಕ್ಕಿಲ್ಲ. ತೊಟ್ಟಿಯಿಂದ ತೋಟಕ್ಕೆ ಹೋಗಬೇಕಾದ ನೀರು ಯಾಕೋ ತುಂಬಿ ಅಂಗಳಕ್ಕೆ ಹರಿಯುತ್ತಿದೆ.