ಹೊಳಿ ಜಳಕಕ್ಕೆ ಹೋಗಿ ಗೇಟು ನೋಡಿ ಬಂದೆವು

ಈ ಸಲದ ಸಂಕ್ರಮಣದ ದಿನ ಬೆಳಗ್ಗೆ ಐದಕ್ಕೇ ಎದ್ದು ಬುತ್ತಿ ಕಟ್ಟಿದ್ದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ, ಮೊಸರನ್ನ. ಬಾಗಲಕೋಟೆಯ ನವನಗರದಿಂದ ಹೊರಟು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನ ದಂಡೆಗೆ ಹೋಗುವುದು, ಜಳಕ ಮಾಡಿ ಗಂಗವ್ವನಿಗೆ ಪೂಜೆ ಮಾಡುವುದು, ಉಂಡು ಸಂಜೆಗೆ ವಾಪಸ್ ಬರುವುದು. ನಮ್ಮ ಮನೆಯಲ್ಲಿ ಇದು ತಪ್ಪುವುದಿಲ್ಲ. ಕೂಡಲಸಂಗಮಕ್ಕೆ ಹೋಗಬಹುದು, ಆದರೆ ಆ ದಿನ ಅಲ್ಲಿ ಕಾಲಿಡಲು ಜಾಗ ಸಿಗಲ್ಲ. ಅದಕ್ಕೇ ಬಹಳ ವರ್ಷದಿಂದ ನಾವು ಹೋಗುವ ಜಾಗ ಒಂದಿದೆ. ರಸ್ತೆ ಬಿಟ್ಟು ಒಂದು ಹೊಲದ ಬದುವಿನ ಮೇಲೆ ಐದು ನಿಮಿಷ ನಡೆದರೆ ನೀರು. ಗರಸು ನೆಲ, ಕೆಸರಿಲ್ಲ. ವಯಸ್ಸಾದವರೂ ಇಳಿಯಬಹುದು.

ಈ ಸಲ ಅಲ್ಲಿ ಗೇಟು ಇತ್ತು.

ಎರಡು ಕಲ್ಲಿನ ಕಂಬ, ಹಸಿರು ಬಣ್ಣದ ಗೇಟು, ಆಚೆ ಈಚೆ ತಂತಿ ಬೇಲಿ. 'ಖಾಸಗಿ ಆಸ್ತಿ, ಪ್ರವೇಶ ನಿಷೇಧ' ಅಂತ ಬೋರ್ಡು. ಒಳಗೆ ನಾಲ್ಕು ಕಾಟೇಜಿನ ಗೋಡೆ ಎದ್ದಿದ್ದವು. ಕಾವಲಿಗಿದ್ದ ಹುಡುಗ ನಮ್ಮ ಕಡೆಯವನೇ. ಅವ್ವನನ್ನು ನೋಡಿ ಅವನಿಗೇ ನಾಚಿಕೆಯಾಯಿತು.

"ಒಳಗ ಬಿಡಾಕ ಬರೂದಿಲ್ರಿ ಅಕ್ಕಾರ. ಸಾಹುಕಾರ್ರು ಹೇಳ್ಯಾರ. ಕ್ಯಾಮೆರಾ ಬ್ಯಾರೆ ಐತಿ."

ಅವ್ವನಿಗೆ ಎಪ್ಪತ್ತೆಂಟು. ಗೇಟಿನ ಸರಳು ಹಿಡಿದು ನಿಂತಳು. "ನಮ್ಮ ಹೊಲಾ ಮನಿ ಎರಡೂ ಇದss ನೀರಾಗ ಅದಾವ. ಅದನ್ನ ನೋಡಾಕ ಇವರ ಅಪ್ಪಣಿ ಬೇಕನ?" ಹುಡುಗ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈಯಲ್ಲಿದ್ದ ತಂಬಿಗೆ ಇಸಿದುಕೊಂಡು ತಾನೇ ದಂಡೆಗೆ ಹೋಗಿ ನೀರು ತುಂಬಿಕೊಂಡು ಬಂದ. ನಾವು ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಆ ತಂಬಿಗೆಗೇ ಅರಿಷಿಣ ಕುಂಕುಮ ಏರಿಸಿ, ತಲೆ ಮೇಲೆ ಮೂರು ಹನಿ ಚಿಮುಕಿಸಿಕೊಂಡು ಊಟಕ್ಕೆ ಕೂತೆವು. ಲಾರಿಗಳ ಧೂಳು ಬೇರೆ.

ಅವತ್ತಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಸಿಟ್ಟು ಮೊದಲ ದಿನವೇ ಬರೆಸುತ್ತಿತ್ತು. ಬೇಕಂತಲೇ ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಮೊದಲ ಸಲ ಹೀಗೆ ತಡೆಸಿಕೊಂಡದ್ದು ಇಲ್ಲಲ್ಲ, ಗೋವಾದಲ್ಲಿ. ತಂಗಿ ಬೆಳಗಾವಿಯಲ್ಲಿದ್ದಾಳೆ. ಅವಳ ಮನೆಗೆ ಹೋದರೆ ಚೋರ್ಲಾ ಘಾಟಿ ಇಳಿದು ಸಮುದ್ರ ನೋಡಿ ಬರುವುದು ಇದ್ದದ್ದೇ. ಒಂದು ಬೀಚಿನಲ್ಲಿ ಉಸುಕಿನ ಮೇಲೆ ಚಾಪೆ ಹಾಸಿದೆವು. ಹಿಂದಿನ ಹೋಟೆಲಿನ ಹುಡುಗ ಬಂದು, ಇದು ನಮ್ಮ ಗೆಸ್ಟುಗಳ ಜಾಗ ಅಂದ. ನಮ್ಮ ಮನೆಯವರು ಬಿಡಲಿಲ್ಲ. ಸಮುದ್ರ ಸರ್ಕಾರದ್ದು ಅಂತ ಹಿಂದಿಯಲ್ಲಿ ಭಾಷಣ ಶುರು ಮಾಡಿದರು. ಹುಡುಗ ಪೂರ್ತಿ ಕೇಳಿಸಿಕೊಂಡು, ನೀರಿನ ಕಡೆ ಕೈ ತೋರಿಸಿ, "ಸಮುದ್ರ ಅಲ್ಲಿದೆ ಸರ್" ಅಂದ. ನಾವೆಲ್ಲ ನಕ್ಕೆವು. ಈಗ ಯೋಚಿಸಿದರೆ ಇಡೀ ಜಗಳ ಆ ಮಾತಿನಲ್ಲೇ ಇತ್ತು. ಸಮುದ್ರ ಯಾರೂ ಕೊಂಡುಕೊಳ್ಳುವುದಿಲ್ಲ. ಅದರ ಮುಂದಿನ ಹತ್ತು ಮಾರು ಕೊಂಡರೆ ಸಾಕು.

ಸಮುದ್ರಕ್ಕಾದರೂ ಒಂದಿಷ್ಟು ಕಾಯಿದೆ ಇದೆ. 1981ರಲ್ಲಿ ಇಂದಿರಾ ಗಾಂಧಿ ಕರಾವಳಿಯ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡ ಬೇಡ ಅಂದಿದ್ದರು. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್ ಬಂತು. ಊರು ಬೆಳೆಯದ ಕಡೆ 200 ಮೀಟರ್ ಖಾಲಿ ಬಿಡಬೇಕು ಅಂತಾಯಿತು. 2019ರ ಹೊಸ ಅಧಿಸೂಚನೆ ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಆದರೂ ಒಂದು ಗೆರೆ ಅಂತ ಇದೆ. ನಮ್ಮ ಹಿನ್ನೀರಿಗೆ ಉಬ್ಬರವಿಲ್ಲ, ಇಳಿತವಿಲ್ಲ. ಹಾಗಾಗಿ ಸಿಆರ್‌ಝಡ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಉಬ್ಬರವಿಲ್ಲ ಅಂದೆ. ಒಂದು ಲೆಕ್ಕದಲ್ಲಿ ಇದೆ. ಸಮುದ್ರ ದಿನಕ್ಕೆರಡು ಸಲ ಏರುತ್ತದೆ, ಆಲಮಟ್ಟಿ ವರ್ಷಕ್ಕೊಂದು ಸಲ. ಮಳೆಗಾಲದಲ್ಲಿ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ತುಂಬಿ ನಿಲ್ಲುತ್ತದೆ. ಬೇಸಿಗೆ ಬಂದಂತೆ ದಂಡೆ ದೂರ ದೂರ ಸರಿಯುತ್ತದೆ. ನೀರು ಬಿಟ್ಟ ನೆಲದಲ್ಲಿ ಕೆಲವರು ಒಂದು ಬೆಳೆ ತೆಗೆದುಕೊಳ್ಳುತ್ತಾರೆ, ಕುರಿಯವರು ಬರುತ್ತಾರೆ, ರಾಜಹಂಸಗಳೂ ಬರುತ್ತವೆ. ಆ ನೆಲ ಸರ್ಕಾರ ಪರಿಹಾರ ಕೊಟ್ಟು ತೆಗೆದುಕೊಂಡದ್ದು. ಅಂದರೆ ಯಾರಪ್ಪನದೂ ಅಲ್ಲ, ಎಲ್ಲರದೂ ಹೌದು. ಹೋದ ಬೇಸಿಗೆಯಲ್ಲಿ ಒಂದು ಕಡೆ ನೋಡಿದೆ. ನೀರು ಇಳಿದ ಹಾಗೆ ತಂತಿ ಬೇಲಿಯೂ ಅದರ ಬೆನ್ನು ಹತ್ತಿ ಇಳಿದಿತ್ತು. ಬೇಲಿಗೆ ಕಾಲು ಬಂದದ್ದು ನಾನು ನೋಡಿದ್ದು ಅದೇ ಮೊದಲು.

ಅಂಥ ಬೇಲಿ ಬಿಡಿ, ಅದು ನೇರ ಅತಿಕ್ರಮಣ. ನಮ್ಮನ್ನು ತಡೆದ ಗೇಟಿನ ವಿಷಯ ಅಷ್ಟು ಸಲೀಸಲ್ಲ. ಅವರು ಹೊಲ ಖರೀದಿ ಮಾಡಿದ್ದಾರೆ, ಉತಾರದಲ್ಲಿ ಹೆಸರಿದೆ. ಗೇಟು ಅವರ ಹದ್ದಿನಲ್ಲೇ ಇದೆ. ನಾವು ಇಷ್ಟು ವರ್ಷ ನಡೆದದ್ದು ಇನ್ನೊಬ್ಬರ ಬದುವಿನ ಮೇಲೆ. ಹಳೇ ಮಾಲೀಕ ಏನೂ ಅನ್ನುತ್ತಿರಲಿಲ್ಲ, ಹೋದಾಗ ಒಂದು ಹೋಳಿಗೆ ಕೊಡುತ್ತಿದ್ದೆವು. ಅದನ್ನು ಹಕ್ಕು ಅನ್ನಬೇಕೋ ಉಪಕಾರ ಅನ್ನಬೇಕೋ? 1882ರ ಈಸ್‌ಮೆಂಟ್ ಕಾಯಿದೆ ಪ್ರಕಾರ ಇಪ್ಪತ್ತು ವರ್ಷ ಯಾರ ತಕರಾರೂ ಇಲ್ಲದೆ ಹಕ್ಕಿನಿಂದ ಓಡಾಡಿದ ದಾರಿ ಹಕ್ಕಾಗುತ್ತದೆ. ಕೇಳಿಕೊಂಡು ಹೋದದ್ದು ಆಗುವುದಿಲ್ಲ. ನಾವು ಕೊಟ್ಟ ಹೋಳಿಗೆಯೇ ನಮಗೆ ಮುಳುವಾಯಿತು ಅನ್ನಿ.

ನಮ್ಮ ಸೋದರಮಾವನ ಕಥೆ ಹೇಳದಿದ್ದರೆ ನಾನು ಸುಳ್ಳಿಯಾಗುತ್ತೇನೆ. ಅವರ ಅರ್ಧ ಹೊಲ ಮುಳುಗಿತು, ಉಳಿದರ್ಧ ದಂಡೆಗೆ ಬಂತು. ಭಾನುವಾರ ಬಂತೆಂದರೆ ಬೈಕುಗಳು. ಕಡಲೆ ಕಿತ್ತು ತಿನ್ನುವುದು, ಜೋಳದ ದಂಟು ಮುರಿದು ಒಲೆ ಹೂಡುವುದು. ಹೋಗುವಾಗ ಬಾಟಲಿ ಒಡೆದು ಹೋಗುವುದು. ಒಂದು ಎತ್ತಿನ ಗೊರಸಿಗೆ ಗಾಜು ಹೊಕ್ಕು ಹದಿನೈದು ದಿನ ಕೊಟ್ಟಿಗೆಯಲ್ಲಿ ಮಲಗಿತ್ತು. ಮಾವ ಎರಡು ವರ್ಷದ ಹಿಂದೆ ಬೇಲಿ ಹಾಕಿಸಿದರು. ಆಗ "ಛಲೋ ಮಾಡಿದ್ರಿ ಮಾವ" ಅಂದವಳು ನಾನೇ. ಸಾರ್ವಜನಿಕರ ಹಕ್ಕು ಅಂತ ಈಗ ಬರೆಯುತ್ತಿರುವವಳೂ ನಾನೇ. ಹಕ್ಕು ಕೇಳುವ ನಮ್ಮ ಜನಕ್ಕೆ ದಂಡೆ ಹೆಂಗೆ ಇಟ್ಟುಕೊಳ್ಳಬೇಕು ಅನ್ನುವುದು ಗೊತ್ತಿಲ್ಲ. ಸಂಕ್ರಮಣದ ಮರುದಿನ ಯಾವ ದಂಡೆಗಾದರೂ ಹೋಗಿ ನೋಡಿ. ಪ್ಲಾಸ್ಟಿಕ್ ತಟ್ಟೆ, ಹಳೇ ಬಟ್ಟೆ, ಶಾಂಪೂ ಪುಡಿಕೆ. ಗಂಗವ್ವನಿಗೆ ನಾವು ಉಡಿ ತುಂಬುವ ರೀತಿ ಇದು.

ಆದರೆ ಮಾವನ ಬೇಲಿಗೂ ಆ ಗೇಟಿಗೂ ಒಂದು ವ್ಯತ್ಯಾಸ ಇದೆ. ಮಾವ ಬೇಲಿಯ ಮಗ್ಗುಲಲ್ಲಿ ಎರಡು ಮಾರು ಸಂದಿ ಬಿಟ್ಟಿದ್ದಾರೆ. ಅಂಬಿಗರು ಹರಗೋಲು ಹೊತ್ತು ಅಲ್ಲಿಂದಲೇ ಇಳಿಯುತ್ತಾರೆ. ಯಾಕೆ ಬಿಟ್ಟಿರಿ ಅಂತ ಕೇಳಿದೆ. "ಅವರು ಎಲ್ಲಿಂದ ಹೋಗಬೇಕವಾ?" ಅಂದರು, ಅಷ್ಟೇ. ಕಾಯಿದೆ ಪುಸ್ತಕ ಅವರು ಓದಿಲ್ಲ.

ಓದಿದವರೂ ಕೊನೆಗೆ ಅದನ್ನೇ ಹೇಳಿದ್ದಾರೆ. ಹಿಮಾಚಲದಲ್ಲಿ ಬಿಯಾಸ್ ನದಿ ದಂಡೆಯ ಒಂದು ಮೋಟೆಲ್, ತನ್ನ ಜಾಗ ಉಳಿಸಿಕೊಳ್ಳಲು ಬುಲ್ಡೋಜರ್ ತಂದು ನದಿಯ ಪಾತ್ರವನ್ನೇ ತಿರುಗಿಸಲು ಹೊರಟಿತ್ತು. ಆಗ ಕೇಂದ್ರದಲ್ಲಿ ಪರಿಸರ ಮಂತ್ರಿಯಾಗಿದ್ದ ಕಮಲ್ ನಾಥ್ ಅವರ ಮನೆಯವರಿಗೆ ಆ ಮೋಟೆಲಿನ ನಂಟಿತ್ತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೋಟೆಲಿಗೆ ಸರ್ಕಾರ ಕೊಟ್ಟಿದ್ದ ಜಾಗದ ಗುತ್ತಿಗೆ ರದ್ದು ಮಾಡಿತು. ನದಿ, ಸಮುದ್ರ ತೀರ, ಕಾಡು ಇವುಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಕಾಯುವ ಟ್ರಸ್ಟಿ ಅಂತ ಹೇಳಿತು. ನಮಗೆ ಇನ್ನೂ ಹತ್ತಿರದ್ದು 2009ರ ತೀರ್ಪು. ಪಣಜಿ ಹತ್ತಿರದ ದೋನಾ ಪಾವ್ಲಾದ ವೈಂಗಿಣಿ ಬೀಚಿಗೆ ಹೋಗುವ ದಾರಿ ಒಂದು ಹೋಟೆಲಿನ ಜಾಗದಲ್ಲಿ ಹಾದುಹೋಗುತ್ತಿತ್ತು. ಊರವರು ವರ್ಷಗಟ್ಟಲೆ ಹೋರಾಡಿದರು. ಜನ ಬೀಚಿಗೆ ಹೋಗುವ ದಾರಿ ಮುಚ್ಚುವಂತಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಅಮೆರಿಕದಲ್ಲೂ ಇದೇ ರಾಮಾಯಣ. ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಹತ್ತಿರ ಮಾರ್ಟಿನ್ಸ್ ಬೀಚ್ ಅಂತ ಇದೆ. ಆ ಬೀಚಿನ ಹಿಂದಿನ ಜಮೀನನ್ನು 2008ರಲ್ಲಿ ಕೊಂಡವರು ನಮ್ಮ ದೇಶದಿಂದ ಹೋಗಿ ದೊಡ್ಡ ಶ್ರೀಮಂತರಾದ ವಿನೋದ್ ಖೋಸ್ಲಾ. ಹಳೇ ಮಾಲೀಕರು ಪಾರ್ಕಿಂಗ್ ದುಡ್ಡು ಇಸಿದುಕೊಂಡು ಜನರನ್ನು ಬಿಡುತ್ತಿದ್ದರು. ಇವರು ಬಂದ ಮೇಲೆ ರಸ್ತೆಗೆ ಗೇಟು ಬಿತ್ತು. ದಾರಿ ಮುಚ್ಚಲು ಕರಾವಳಿ ಕಾಯಿದೆ ಪ್ರಕಾರ ಅನುಮತಿ ಬೇಕು ಅಂತ ಅಲ್ಲಿನ ಕೋರ್ಟು ಹೇಳಿತು. ಅವರ ಮೇಲ್ಮನವಿಯನ್ನು 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ಅಲ್ಲೂ ಜಗಳ ನೀರಿಗಲ್ಲ ನೋಡಿ, ಒಂದು ರಸ್ತೆಗೆ. ಹಳೇ ಮಾಲೀಕರ ಪಾರ್ಕಿಂಗ್ ಪದ್ಧತಿ ನನಗೇನೂ ತಪ್ಪು ಕಾಣಲಿಲ್ಲ. ಆ ಕಾಟೇಜಿನವರು ಗಾಡಿಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡು ಕಸದ ಬುಟ್ಟಿ ಇಟ್ಟಿದ್ದರೆ ಖುಷಿಯಿಂದ ಕೊಡುತ್ತಿದ್ದೆವು.

ನಮ್ಮ ರಾಜ್ಯದ ಭೂ ಕಂದಾಯ ಕಾಯಿದೆಯ 67ನೇ ಕಲಮಿನಲ್ಲಿ ನದಿ, ಹಳ್ಳ, ಕೆರೆಗಳ ಪಾತ್ರವೂ ಸಾರ್ವಜನಿಕ ದಾರಿಗಳೂ ಸರ್ಕಾರದ್ದು ಅಂತಿದೆ. ಹಳೇ ಹಳ್ಳಿಗಳಲ್ಲಿ ಇದು ಸಾಕಾಗುತ್ತಿತ್ತು. ಹೊಳೆಗೆ ಹೋಗುವ ಬಂಡಿ ದಾರಿ, ಕಾಲುದಾರಿ ಎಲ್ಲ ಗ್ರಾಮ ನಕಾಶೆಯಲ್ಲೇ ಇರುತ್ತಿದ್ದವು. ದೇವರ ಪಲ್ಲಕ್ಕಿ ಹೊಳೆಗೆ ಹೋಗುವ ದಾರಿಗೆ ಯಾರಾದರೂ ಬೇಲಿ ಹಾಕಿದ್ದರೆ ಊರವರು ಸುಮ್ನೆ ಬಿಡುತ್ತಿದ್ದರಾ?

ಬಾಗಲಕೋಟೆಯ ಕಥೆ ಬೇರೆ. ಇಲ್ಲಿ ಹೊಳೆಯೇ ಮೇಲೆದ್ದು ಬಂತು. ಘಟ್ಟದ ಮೆಟ್ಟಿಲು, ಪಲ್ಲಕ್ಕಿ ದಾರಿ, ಎಮ್ಮೆ ಮೈ ತೊಳೆಯುವ ಮಡು ಎಲ್ಲ ನೀರಿನ ಕೆಳಗೆ ಹೋದವು. ಹೊಸ ದಂಡೆ ಹುಟ್ಟಿದ್ದು ಯಾರದೋ ಜೋಳದ ಹೊಲದ ನಡುವೆ. ಮನೆಗೆ ಪರಿಹಾರ ಕೊಟ್ಟರು, ಹೊಲಕ್ಕೆ ಕೊಟ್ಟರು, ಗಿಡ ಎಣಿಸಿ ಅದಕ್ಕೂ ಕೊಟ್ಟರು. ನವನಗರದಲ್ಲಿ ಸೆಕ್ಟರ್ ಲೆಕ್ಕದಲ್ಲಿ ನೆಟ್ಟಗಿನ ರಸ್ತೆ ಕೊಟ್ಟರು. ಆದರೆ ನೀರಿಗೆ ಹೋಗಲು ನಾನು ನಡೆದದ್ದು ಬದುವಿನ ಮೇಲೆ. ಹೊಸ ನೀರಿಗೆ ಹೋಗುವ ದಾರಿ ನಮಗೆ ಯಾರೂ ಕೊಡಲಿಲ್ಲ. ನಾವೂ ಕೇಳಲಿಲ್ಲ ಅನ್ನಿ. ಆಗ ಆ ನೀರಿನ ಮುಖ ನೋಡಲು ಯಾರಿಗೆ ಮನಸ್ಸಿತ್ತು? ಮುಳುಗಡೆಯವರಿಗೆ ಅದು ಗಂಗವ್ವ ಆಗಲಿಕ್ಕೆ ಎಷ್ಟೋ ವರ್ಷ ಹಿಡಿಯಿತು. ಈಗ ಆಗಿದ್ದಾಳೆ. ಈಗ ಗೇಟು ಬಂತು.

ನನ್ನ ಮಾತು ಇಷ್ಟೇ. ಆಲಮಟ್ಟಿ ಅಣೆಕಟ್ಟೆಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅದಕ್ಕೆ 75 ಸಾವಿರ ಎಕರೆಗೂ ಜಾಸ್ತಿ ಜಮೀನು ಮತ್ತೆ ಮುಳುಗುತ್ತದೆ. ದಂಡೆ ಇನ್ನೂ ನಾಲ್ಕೂವರೆ ಮೀಟರ್ ಮೇಲೇರುತ್ತದೆ. ಇಳಿಜಾರು ಕಡಿಮೆ ಇರುವ ನಮ್ಮ ಎರೆ ಹೊಲಗಳಲ್ಲಿ ಅದು ಎಲ್ಲಿಯವರೆಗೆ ಬರುತ್ತದೋ. ಮಾವನ ಉಳಿದರ್ಧ ಹೊಲವೂ ಹೋಗಬಹುದು. ಅಂದಹಾಗೆ ಆ ಹಸಿರು ಗೇಟೂ ಮುಳುಗಬಹುದು! ನಗು ಬರುತ್ತದೆ, ಆದರೆ ನಕ್ಕು ಉಪಯೋಗವಿಲ್ಲ. ಅದರ ಮೇಲಿನ ಹೊಲವನ್ನು ಆಗಲೇ ಯಾರೋ ನೋಡಿಟ್ಟಿರುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ದುಡ್ಡಿದ್ದವರಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ.

ಭೂಸ್ವಾಧೀನಕ್ಕೆ ಇಷ್ಟೊಂದು ಕೋಟಿ ಸುರಿಯುವಾಗ, ಪ್ರತಿ ಊರಿಗೂ ಹೊಸ ದಂಡೆಯವರೆಗೆ ಒಂದು ಬಂಡಿ ಹೋಗುವಷ್ಟು ಅಗಲದ ಪಟ್ಟಿ ಸೇರಿಸಿ ಕೊಳ್ಳಬೇಕು. ಮಾಲೀಕನಿಗೆ ಅದರ ದುಡ್ಡು ಕೊಡಬೇಕು, ಬಿಟ್ಟಿ ಕಸಿಯುವುದು ಬೇಡ. ನಕಾಶೆಯಲ್ಲಿ ಗೆರೆ ಎಳೆಯಬೇಕು. ಕಸ ತೆಗೆಯುವ ಜವಾಬ್ದಾರಿ ಪಂಚಾಯಿತಿಗೆ ಇರಲಿ, ಅಲ್ಲಿ ಕುಡಿದು ಗಾಜು ಒಡೆದವರಿಗೆ ದಂಡ ಬೀಳಲಿ. ರೆಸಾರ್ಟಿನವರು ಬೇಲಿ ಹಾಕಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಮಾವನ ಬೇಲಿಯಂತೆ ಮಗ್ಗುಲಲ್ಲಿ ಸಂದಿ ಇರಲಿ. ಇದನ್ನು ನೀರು ಬಂದ ಮೇಲೆ ಮಾಡಲು ಹೋದರೆ ಗೋವಾದವರ ಹಾಗೆ ದಿಲ್ಲಿಯವರೆಗೆ ಓಡಾಡಬೇಕು. ಅಷ್ಟು ಕಸುವು ನಮ್ಮಲ್ಲಿ ಯಾರಿಗಿದೆ?

ಹೋದ ವಾರ ನಮ್ಮ ಮನೆಯವರು ಅವ್ವನ ತವರೂರಿನ ನಕಾಶೆ ಹುಡುಕಿ ಪ್ರಿಂಟ್ ತೆಗೆಸಿಕೊಂಡು ಬಂದರು. ಹಳೇ ಊರಿನ ನಕಾಶೆ. ಅವ್ವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದಳು. ಅಗಸಿಯಿಂದ ಹೊರಟ ಚುಕ್ಕೆ ಗೆರೆಯೊಂದು ಹನುಮಪ್ಪನ ಗುಡಿ ಮಗ್ಗುಲಲ್ಲಿ ಹಾದು ಸೀದಾ ಹೊಳೆಗೆ ಹೋಗಿತ್ತು. ಅವಳು ಕೊಡ ಹೊತ್ತು ನಡೆದ ದಾರಿ.

"ಇದೆಲ್ಲಾ ನೀರಾಗ ಹೋತಲ್ಲ" ಅಂದಳು. ಆಮೇಲೆ ಹಾಳೆ ತಿರುಗಿಸಿ ಹಿಂದೆ ನೋಡಿದಳು. "ಈಗಿಂದು ಎಲ್ಲೈತಿ?"

ಹಿಂದೆ ಖಾಲಿ ಇತ್ತು.