ಕೋಟೆ ಮೂವರದು, ಜಾಲಿ ಯಾರದೂ ಅಲ್ಲ

ಹಾವೇರಿ ಜಿಲ್ಲೆಯಲ್ಲಿ ಹಳೇ ಕೋಟೆ ನೋಡಬೇಕು ಅನ್ನುವವರಿಗೆ ಒಳ್ಳೆಯ ಆಯ್ಕೆ ಇದೆ. ಹಳೇ ಹಳೇ ಕೋಟೆ ಬೇಕಾದರೆ ಬಂಕಾಪುರಕ್ಕೆ ಹೋಗಿ. ಹೊಸ ಹಳೇ ಕೋಟೆ ಬೇಕಾದರೆ ಪಕ್ಕದ ಬಾಡಕ್ಕೆ ಹೋಗಿ. ಎರಡೂ ಶಿಗ್ಗಾವಿ ತಾಲೂಕಿನಲ್ಲೇ ಇವೆ. ಒಂದೇ ದಿನದಲ್ಲಿ ಎರಡನ್ನೂ ಮುಗಿಸಿ ಸಂಜೆ ಹುಬ್ಬಳ್ಳಿಗೆ ವಾಪಸ್ ಬಂದು ಗಿರ್ಮಿಟ್ ತಿನ್ನಬಹುದು.

ಮೊದಲು ಬಂಕಾಪುರದ ಜಾತಕ ನೋಡೋಣ. ರಾಷ್ಟ್ರಕೂಟರ ಅಮೋಘವರ್ಷನ ದಂಡನಾಯಕ ಬಂಕೆಯನಿಂದ ಬಂದ ಹೆಸರು. ರನ್ನನಿಗೂ ಚಾವುಂಡರಾಯನಿಗೂ ಗುರುವಾಗಿದ್ದ ಅಜಿತಸೇನಾಚಾರ್ಯರು ಇದ್ದ ಊರು. ಗಂಗರ ಮಾರಸಿಂಹ ರಾಜ್ಯ ಬಿಟ್ಟು ಬಂದು ಅವರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು, ಅಂದರೆ ಉಪವಾಸವಿದ್ದು, ದೇಹ ಬಿಟ್ಟಿದ್ದೂ ಇಲ್ಲೇ. ಆಮೇಲೆ ಚಾಲುಕ್ಯರು, ಕದಂಬರು, ವಿಜಯನಗರದವರು, ಆದಿಲ್‌ಶಾಹಿಗಳು, ಸವಣೂರಿನ ನವಾಬರು. ಇದೇ ಜಿಲ್ಲೆಯ ಐರಣಿಯ ಕೋಟೆಗೆ ತುಂಗಭದ್ರೆಯೇ ಕಾವಲು ನಿಂತಿದ್ದಳು. ಬಂಕಾಪುರಕ್ಕೆ ಅಂಥ ಹೊಳೆ ಇರಲಿಲ್ಲ, ಹಾಗಾಗಿ ಸುತ್ತ ಕಂದಕ ತೋಡಿದರು. ಅಷ್ಟು ಕಷ್ಟಪಟ್ಟಿದ್ದು ಯಾಕೆ? ಬಂದವರೆಲ್ಲ ‘ಈ ಕೋಟೆ ನಂದು’ ಅಂತಲೇ ಬರುತ್ತಿದ್ದರು.

ಈಗ ಆ ಭಯ ಇಲ್ಲ. ಈಗ ಕೋಟೆ ಬಾಗಿಲಿಗೆ ಬಂದವರೆಲ್ಲ ಹೇಳುವುದು ‘ನಂದಲ್ಲ’ ಅಂತ.

ಲೆಕ್ಕ ಸರಳ ಇದೆ. ಒಳಗಿನ ನಗರೇಶ್ವರ ಗುಡಿ, ಅದೇ ನಾವು ಅರವತ್ತು ಕಂಬದ ಗುಡಿ ಅನ್ನುವುದು, ಪುರಾತತ್ವದವರದು. ನೆಲದಲ್ಲಿ ಪಶುಸಂಗೋಪನೆಯವರು ಖಿಲಾರಿ ತಳಿಯ ದನ ಸಾಕುತ್ತಾರೆ. 139 ಎಕರೆ. 2006ರಲ್ಲಿ ಇದೇ ಜಾಗ ನವಿಲುಧಾಮವೂ ಆಯಿತು. ನವಿಲು ಅಂದರೆ 1972ರ ವನ್ಯಜೀವಿ ಕಾಯ್ದೆ, ಕಾಯ್ದೆ ಅಂದರೆ ಅರಣ್ಯ ಇಲಾಖೆ. ಕಲ್ಲು ಒಬ್ಬರದು, ಹುಲ್ಲು ಒಬ್ಬರದು, ಪುಕ್ಕ ಒಬ್ಬರದು.

ಈಗ ಒಂದು ನವಿಲನ್ನು ಹಿಂಬಾಲಿಸಿ. ಬೆಳಗಿನ ಹೊತ್ತು ಅದು ಕೊತ್ತಳದ ಮೇಲೆ ಕೂತು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಆಗ ಕೆಳಗಿನ ಕಲ್ಲು ಪುರಾತನ, ಮೇಲಿನ ಹಕ್ಕಿ ರಾಷ್ಟ್ರೀಯ. ಉದ್ದ ಬಾಲವನ್ನು ಕಲ್ಲಿನ ಮೇಲೆ ಸವರಿಕೊಂಡು ಧಪ್ಪಂತ ಕೆಳಗೆ ಹಾರಿತು ಅನ್ನಿ, ಪಶುಸಂಗೋಪನೆಯ ಮೇವಿನ ಹೊಲಕ್ಕೆ ಅರಣ್ಯ ಇಲಾಖೆ ಕಾಲಿಟ್ಟ ಹಾಗೆ. ಅಲ್ಲಿಂದ ಗೋಡೆಯ ಸಂದಿ ದಾಟಿ ರೈತರ ಹೊಲಕ್ಕೆ ಹೋಗಿ ಶೇಂಗಾ ಕೆದರಿತೋ, ಅದು ಯಾರದೂ ಅಲ್ಲ. ರೈತನದ್ದು. ಅಂದರೆ ಹಾನಿ ಮಾತ್ರ ರೈತನದ್ದು, ನವಿಲು ದೇಶದ್ದು.

ನಿಜವಾದ ತಮಾಷೆ ಇರುವುದು ಜಾಲಿಯಲ್ಲಿ. ಕೋಟೆ ಗೋಡೆಯ ಸಂದಿಯಲ್ಲಿ ಒಂದು ಜಾಲಿಕಂಟಿ ಹುಟ್ಟುತ್ತದೆ. ಬೇರು ಒಳಗಿಳಿದರೆ ಕಲ್ಲು ಸಡಿಲ, ಹಾಗಾಗಿ ಕಡಿಯಲೇಬೇಕು. ಆದರೆ ನವಿಲು ಮೊಟ್ಟೆ ಇಡುವುದೇ ಅಂಥ ಕಂಟಿಯ ಮರೆಯಲ್ಲಿ, ಹಾಗಾಗಿ ಕಡಿಯಲೇಬಾರದು. ದನಕ್ಕೆ ಮೇವು ಬೆಳೆಯುವವರಿಗೆ ಆ ಕಂಟಿಯಿಂದ ನೆರಳೂ ಇಲ್ಲ, ಹುಲ್ಲೂ ಇಲ್ಲ. ಯಾರನ್ನು ಕೇಳುತ್ತೀರಿ? ‘ಅದು ನಮಗ ಬರಂಗಿಲ್ರೀ, ಅವರನ್ನ ಕೇಳ್ರೀ.’ ಮೂರು ಕಡೆ ಕೇಳುವ ಹೊತ್ತಿಗೆ ಕಂಟಿ ಮರ ಆಗಿರುತ್ತದೆ. ಮರ ಕಡಿಯೋಕೆ ಬೇರೆ ಪರ್ಮಿಷನ್ ಬೇಕು, ಅಲ್ವಾ?

ಖಿಲಾರಿ ದನಗಳು ಮಾತ್ರ ಪಾಪ, ಯಾವ ಪತ್ರ ವ್ಯವಹಾರಕ್ಕೂ ತಲೆ ಕೆಡಿಸಿಕೊಂಡಿಲ್ಲ. ಹೋರಿ ಬೆದರಿಸುವ ಜಿಲ್ಲೆಯಲ್ಲಿ ಯಾರೂ ಬೆದರಿಸದ ಹೋರಿಗಳು ಇವೇ ಇರಬೇಕು.

ಇನ್ನು ಬಾಡ. ಕನಕದಾಸರು ಹುಟ್ಟಿದ ಊರು. ಅಲ್ಲಿ ಅವರ ನೆನಪಿಗೆ ಕಾಗಿನೆಲೆ ಪ್ರಾಧಿಕಾರದಿಂದ ಒಂದು ಅರಮನೆ ಎದ್ದಿದೆ. ಕನಕದಾಸರ ಬಗ್ಗೆ ನನಗೆ ತಕರಾರಿಲ್ಲ, ಆ ಭಕ್ತಿಗೆ ಎಷ್ಟು ಅರಮನೆ ಕಟ್ಟಿದರೂ ಕಡಿಮೆಯೇ. ಆದರೆ ಅವರು ಬಂಕಾಪುರ ಸೀಮೆಯ ದಣ್ಣಾಯಕರಾಗಿದ್ದರು ಅಂತ ನಾವೇ ಭಾಷಣದಲ್ಲಿ ಹೇಳುತ್ತೇವೆ. ಹಾಗಾದರೆ ಅವರು ಓಡಾಡಿದ ಕೋಟೆ ಯಾವುದು? ಅವರು ಕಂಡ ಕಲ್ಲು ಬಂಕಾಪುರದಲ್ಲಿ ಜಾಲಿಯ ಕೆಳಗಿದೆ. ಅವರು ಕಾಣದ ಸಿಮೆಂಟು ಬಾಡದಲ್ಲಿ ಬಣ್ಣ ಬಳಿದುಕೊಂಡು ನಿಂತಿದೆ. ಅಜ್ಜ ಮೂಲೆಯಲ್ಲಿ ಕೆಮ್ಮುತ್ತಿದ್ದರೆ ನಡುಮನೆಯಲ್ಲಿ ಅಜ್ಜನ ಫೋಟೋಗೆ ದೊಡ್ಡ ಹಾರ ಹಾಕಿದ ಹಾಗೆ.

ಇದಕ್ಕೆ ಕಾರಣ ಹುಡುಕೋಕೆ ತನಿಖಾ ಆಯೋಗ ಬೇಡ. ಹೊಸದನ್ನು ಕಟ್ಟಿದರೆ ಒಂದು ಭೂಮಿಪೂಜೆ ಸಿಗುತ್ತದೆ, ಒಂದು ಉದ್ಘಾಟನೆ ಸಿಗುತ್ತದೆ. ನಡುವೆ ಸರ್ಕಾರ ಬದಲಾದರೆ ಇನ್ನೊಂದು ಉದ್ಘಾಟನೆ ಬೋನಸ್. ಗ್ರಾನೈಟ್ ಫಲಕದಲ್ಲಿ ಘನ ಉಪಸ್ಥಿತಿಯಿಂದ ಹಿಡಿದು ಗುತ್ತಿಗೆದಾರರವರೆಗೆ ಎಲ್ಲರ ಹೆಸರಿಗೂ ಜಾಗ ಇರುತ್ತದೆ. ಹಳೇದನ್ನು ಉಳಿಸಿದರೆ ಏನು ಸಿಗುತ್ತದೆ? ಕಂಟಿ ಕಡಿದಿದ್ದಕ್ಕೆ ರಿಬ್ಬನ್ ಕತ್ತರಿಸೋಕಾಗಲ್ಲ. ಕಂದಕದ ಹೂಳು ತೆಗೆದ ಫೋಟೋದಲ್ಲಿ ಬರೀ ಹೂಳೇ ಕಾಣುತ್ತದೆ, ಶಾಲು ಕಾಣಲ್ಲ. ಬಿದ್ದ ಕಲ್ಲನ್ನು ಎತ್ತಿ ಇದ್ದ ಜಾಗದಲ್ಲೇ ಇಟ್ಟರೆ, ನೋಡಿದವರು ‘ಇದು ಮೊದಲೇ ಇತ್ತಲ್ಲ’ ಅಂತಾರೆ. ಬಿಲ್ ಮಾಡೋದು ಹೇಗೆ?

ಹಾಗಾಗಿ ನನ್ನದೊಂದು ನಮ್ರ ಸಲಹೆ. ಬಂಕಾಪುರದ ಕೋಟೆಯನ್ನು ಸುಮ್ನೆ ಬಿಟ್ಟುಬಿಡಿ. ಇನ್ನಷ್ಟು ಜಾಲಿ ಬೆಳೆಯಲಿ, ಗೋಡೆ ಪೂರ್ತಿ ಮಲಗಲಿ. ಆಮೇಲೆ ‘ಐತಿಹಾಸಿಕ ಬಂಕಾಪುರ ಕೋಟೆಯ ಮರುನಿರ್ಮಾಣ’ ಅಂತ ಒಂದು ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಕಳಿಸಿ. ದುಡ್ಡು ಖಂಡಿತ ಬರುತ್ತದೆ. ಶಂಕುಸ್ಥಾಪನೆಗೆ ಬೇಕಾದ ಕಲ್ಲಂತೂ ಹೊರಗಿನಿಂದ ತರೋದೇ ಬೇಡ.